ಒಂದು ಕಿಲೋ ಸಡಿಲ

"ಇದಕ್ಕೆ ಗಟ್ಟಿಂಗ್ ಮಾಡಿದ್ದು ಯಾರು?"

ಬಾಗಿಲಲ್ಲೇ ನಿಂತು ಅವಳು ರಾಕೆಟ್ ಎತ್ತಿ ತೋರಿಸಿದಳು. ಕ್ರೀಡಾಂಗಣದ ಕೆಳಗಿನ ಆ ಕೋಣೆಯಲ್ಲಿ ರಾಕೆಟ್ಟಿಗೆ ದಾರ ಬಿಗಿಯುವ ನಾಲ್ಕು ಯಂತ್ರಗಳು, ನಾಲ್ಕು ಜನ. ಗೋಡೆಯ ತುಂಬ ಕೊಕ್ಕೆಗಳಿಗೆ ನೇತುಹಾಕಿದ ರಾಕೆಟ್ಟುಗಳು. ಮೂವರು ತಲೆ ಎತ್ತಿ ನಾಲ್ಕನೆಯವನ ಕಡೆ ನೋಡಿದರು. ಆ ನಾಲ್ಕನೆಯವನು ಮಾತ್ರ ಕೈಯಲ್ಲಿದ್ದ ದಾರವನ್ನು ಕೊನೆಯವರೆಗೂ ಎಳೆದು, ಕ್ಲಾಂಪ್ ಹಾಕಿ, ಆಮೇಲೆ ನಿಧಾನವಾಗಿ ತಿರುಗಿದ.

"ನಾನೇ. ಯಾಕೆ ಮೇಡಂ?"

"ಯಾಕೆ ಅಂತ ಬೇರೆ ಕೇಳ್ತೀರಾ? ಹಲಗೆ ಥರ ಇದೆ. ಚೆಂಡು ಬಿದ್ರೆ ಹಲ್ಲಿನವರೆಗೂ ಜುಮ್ ಅನ್ನತ್ತೆ. ಮೊದಲನೇ ಸುತ್ತಲ್ಲೇ ಮನೆಗೆ ಹೋಗೋಳು, ಹೇಗೋ ಬಚಾವಾದೆ."

ಅವನು ಜಗಳಕ್ಕೆ ಬರಲಿಲ್ಲ. ಅವಳು ಎತ್ತಿ ಕೊಟ್ಟ ಚೀಲದಿಂದ ಇನ್ನೂ ಆಡದ ರಾಕೆಟ್ಟೊಂದನ್ನು ತೆಗೆದು ಅಳತೆಯ ಮೀಟರಿಗೆ ಕೊಟ್ಟ. ಇಪ್ಪತ್ತನಾಲ್ಕು ಕಿಲೋ. ಡ್ರಾಯರಿನಿಂದ ಒಂದು ಚೀಟಿ ತೆಗೆದು ಅವಳ ಮುಂದಿಟ್ಟ.

"ಇದು ನಿಮ್ಮ ಕೈಬರಹ ತಾನೆ?"

ಅವಳದೇ. ಇಪ್ಪತ್ತನಾಲ್ಕು ಎಂದು ಬರೆದು ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದಳು. ದಾರವನ್ನು ಎಷ್ಟು ಕಿಲೋ ಬಿಗಿಯಬೇಕೆಂದು ಬರೆದುಕೊಡುವುದು ಆಟಗಾರ್ತಿ. ಬರೆದಷ್ಟು ಬಿಗಿಯುವುದು ಗಟ್ಟಿಂಗಿನವನು. ಆ ಕೋಣೆಯಲ್ಲಿ ಇರುವುದು ಅದೊಂದೇ ಕಾನೂನು.

"ದಾರ ಸರಿಯಾಗಿದೆ ಮೇಡಂ. ನಿಮ್ಮ ಭುಜ ಸರಿಯಿಲ್ಲ."

ಭುಜದ ವಿಷಯ ಅಕ್ಕನನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

"ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ. ಈಗ ಚೀಲ ಎತ್ತಿ ಕೊಡೋವಾಗ ಎಡಗೈಲಿ ಶುರು ಮಾಡಿ, ಅರ್ಧದಲ್ಲಿ ಬಲಗೈಗೆ ಬದಲಾಯಿಸಿದ್ರಿ. ಎಡಗೈಲಿ ಆಡೋರು ಹಾಗೆ ಮಾಡಲ್ಲ. ಒಂದು ಕಿಲೋ ಇಳಿಸಿ, ಭುಜಕ್ಕೆ ಆರಾಮಾಗತ್ತೆ."

"ಹತ್ತು ವರ್ಷದಿಂದ ಇಪ್ಪತ್ತನಾಲ್ಕರಲ್ಲೇ ಆಡ್ತಿದ್ದೀನಿ. ಬರೆದಷ್ಟು ಕಟ್ಟಿ. ಅಷ್ಟೇ ನಿಮ್ಮ ಕೆಲಸ."

"ಆಯ್ತು" ಎಂದ ಅವನು, ಮತ್ತೆ ಯಂತ್ರದ ಕಡೆ ತಿರುಗಿಕೊಂಡ.

ಈ ಹುಡುಗಿಗೆ ಆಟದ ವಲಯದಲ್ಲಿ ಎಲ್ಲರೂ ಇಟ್ಟ ಹೆಸರು ಎಡಚಿ. ವಯಸ್ಸು ಇಪ್ಪತ್ತೊಂಬತ್ತು. ಬೇರೆ ಕೆಲಸದಲ್ಲಿ ಅದು ಎಳೆಯ ವಯಸ್ಸು, ಟೆನಿಸ್ ಸಿಂಗಲ್ಸಿನಲ್ಲಿ ಮಾತ್ರ ಹದಿನೇಳರ ಹುಡುಗಿಯರು "ಅಕ್ಕ" ಎಂದು ಕರೆಯಲು ಶುರುಮಾಡುವ ವಯಸ್ಸು. ಒಂದು ಕಿಲೋ ಸಡಿಲ ಮಾಡಿಕೊಂಡರೆ ವಯಸ್ಸಾಯಿತೆಂದು ತಾನೇ ಬರೆದುಕೊಟ್ಟಂತೆ ಎಂಬುದು ಅವಳ ಲೆಕ್ಕಾಚಾರ. ಮೊಂಡುತನಕ್ಕೆ ಮದ್ದಿಲ್ಲ ನೋಡಿ. ಕೋಪವೋ ಸದಾ ಮೂಗಿನ ತುದಿಯಲ್ಲೇ.

ಆದರೆ ಎರಡನೆಯ ಸುತ್ತಿನಲ್ಲಿ ಏನೋ ಆಯಿತು. ರಾಕೆಟ್ ಅವಳ ಮಾತು ಕೇಳತೊಡಗಿತು. ಚೆಂಡು ಹೊಡೆದರೆ ಜುಮ್ಮೆನ್ನಲಿಲ್ಲ, ಭುಜ ತನ್ನ ಪಾಡಿಗೆ ತಾನಿತ್ತು. ಗೆದ್ದಳು. ಮೂರನೆಯ ಸುತ್ತಿನಲ್ಲೂ ಗೆದ್ದಳು.

ಅಂದಿನಿಂದ ರಾಕೆಟ್ ಚೀಲವನ್ನು ಗಟ್ಟಿಂಗ್ ಕೋಣೆಗೆ ಅವಳೇ ಹೊತ್ತುಕೊಂಡು ಹೋಗತೊಡಗಿದಳು. ಅವಳ ತರಬೇತುದಾರಳು, ಅಡುಗೆಯವಳು, ಬಟ್ಟೆ ಒಗೆಯುವವಳು ಎಲ್ಲವೂ ಆಗಿದ್ದ ಅಕ್ಕ ಇದನ್ನು ಗಮನಿಸದೆ ಇರುತ್ತಾಳೆಯೇ?

"ಚೀಲ ಹೊರೋಕೆ ನಾನಿದ್ದೀನಲ್ಲ. ನೀನ್ಯಾಕೆ ದಿನಾ ಹೋಗ್ತೀಯ?"

"ನಡೆದ್ರೆ ಕಾಲು ಹಗುರಾಗತ್ತೆ."

"ಕಾಲು ಮಾತ್ರಾನಾ?"

ಎಡಚಿ ಚೀಲವನ್ನು ಬಲ ಹೆಗಲಿಗೇರಿಸಿ ಹೊರಟಳು. ಗಟ್ಟಿಂಗಿನವನು ಮಾತು ಕಡಿಮೆಯವನು. ಕಟ್ಟಿ ಮುಗಿಸಿದ ಮೇಲೆ ಹಿಡಿಕೆಗೆ ಒಂದು ಬಿಳಿ ಪಟ್ಟಿ ಅಂಟಿಸಿ, ದುಂಡನೆಯ ನೀಲಿ ಅಕ್ಷರಗಳಲ್ಲಿ ದಿನಾಂಕವನ್ನೂ ಕಿಲೋವನ್ನೂ ಬರೆಯುತ್ತಿದ್ದ. ಕೊಡುವಾಗ "ಭುಜ ಹೇಗಿದೆ?" ಎಂದು ಕೇಳುತ್ತಿದ್ದ. ಊರೂರು ಸುತ್ತುವ ಈ ಬದುಕಿನಲ್ಲಿ ಎಲ್ಲರೂ ಕೇಳುತ್ತಿದ್ದುದು "ಗೆದ್ಯಾ, ಸೋತ್ಯಾ?" ಎಂದು. ಭುಜವನ್ನು ವಿಚಾರಿಸಿಕೊಂಡವನು ಇವನೊಬ್ಬನೇ.

*ಅಯ್ಯೋ, ಪಟ್ಟಿ ಮೇಲಿನ ಅಕ್ಷರ ನೋಡಿ ನಗ್ತಿದ್ದೀನಲ್ಲ ನಾನು... ನನಗೇನಾಗಿದೆ?*

ಏನಾಗಿದೆ ಎಂದು ಓದುವ ನಿಮಗೂ ಗೊತ್ತು, ನನಗೂ ಗೊತ್ತು. ಅವಳಿಗೆ ಗೊತ್ತಾಗಲು ಎಂಟರ ಘಟ್ಟದ ಪಂದ್ಯ ಬೇಕಾಯಿತು. ಅದನ್ನೂ ಗೆದ್ದು, ಬೆವರು ಒರೆಸಿಕೊಳ್ಳದೆ ನೇರ ಕೆಳಗೆ ಓಡಿಬಂದಳು.

"ನೋಡಿದ್ರಾ? ಇಪ್ಪತ್ತನಾಲ್ಕರಲ್ಲೇ ಗೆದ್ದೆ."

"ಹೂಂ" ಎಂದ.

"ಒಂದು ಮಾತು ಹೇಳ್ಲಾ? ನಾನು ಯಾರನ್ನೂ ಅಷ್ಟು ಬೇಗ ನಂಬೋಳಲ್ಲ. ಆದ್ರೆ ನೀವು ಕಟ್ಟಿದ ರಾಕೆಟ್ ಮಾತ್ರ ಕಣ್ಣು ಮುಚ್ಚಿ ನಂಬ್ತೀನಿ. ಬರೆದಷ್ಟೇ ಕಟ್ಟೋರು ನೀವೊಬ್ರೇ."

ಅವನ ಮುಖ ಸಪ್ಪಗಾಯಿತು. ಕಣ್ಣು ತಪ್ಪಿಸಿ ದಾರದ ಸುರುಳಿ ಎತ್ತಿಕೊಂಡ. ನಾಚಿಕೆಯಿರಬೇಕು ಎಂದುಕೊಂಡು ಅವಳು ಮೆಟ್ಟಿಲನ್ನು ಎರಡೆರಡಾಗಿ ಹತ್ತಿಕೊಂಡು ಹೋದಳು.

ಮಾರನೆಯ ದಿನ ಸೆಮಿಫೈನಲ್. ಬೆಳಿಗ್ಗೆ ಚೀಲ ತೆರೆದಾಗ ಹಿಡಿಕೆಯ ಪಟ್ಟಿಗಳಲ್ಲಿ ನೀಲಿ ದುಂಡಕ್ಷರ ಇರಲಿಲ್ಲ. ನಡುಗುವ ಕೈಯ ಓರೆ ಅಕ್ಷರಗಳಿದ್ದವು. ಗಟ್ಟಿಂಗ್ ಕೋಣೆಯ ಯಜಮಾನರದು ಆ ಬರಹ. ಅರವತ್ತು ದಾಟಿದವರು, ಟೂರ್ನಿಯ ನಂಬರ್ ಒನ್ ಆಟಗಾರ್ತಿಗೆ ಮಾತ್ರ ಸ್ವತಃ ಕಟ್ಟುವವರು.

"ದಿನಾ ಕಟ್ಟೋನಿಗೆ ಹುಷಾರಿಲ್ವೇನೋ" ಎಂದಳು ಅಕ್ಕ.

ಆ ಪಂದ್ಯದಲ್ಲಿ ಅವಳು ಗೆದ್ದಳು ಎನ್ನುವುದಕ್ಕಿಂತ ಎದುರಾಳಿ ಮೊದಲು ಸುಸ್ತಾದಳು ಎನ್ನಬೇಕು. ಮೂರು ಗಂಟೆ ಆಡಿದಳು. ಭುಜದೊಳಗೆ ಕೆಂಡ ಇಟ್ಟಂತಿತ್ತು. ಮುಗಿದ ಕೂಡಲೇ ಐಸ್ ಚೀಲವನ್ನು ಹೆಗಲ ಮೇಲೆ ಇಟ್ಟುಕೊಂಡೇ ಕೆಳಗೆ ಹೋದಳು. *ಪಾಪ, ಜ್ವರವೋ ಏನೋ...*

ಜ್ವರವೂ ಇರಲಿಲ್ಲ, ಗಿರವೂ ಇರಲಿಲ್ಲ. ಅವನ ಮೇಜಿನ ಮೇಲೆ ಕಾಲು ಇಳಿಬಿಟ್ಟು ಗೊಂಬೆ ಕುಳಿತಿದ್ದಳು.

ಗೊಂಬೆ ಎಂದರೆ ಆ ನಂಬರ್ ಒನ್. ಫೈನಲ್ಲಿನಲ್ಲಿ ಎಡಚಿಯ ಎದುರಾಳಿ. ಇಪ್ಪತ್ತೆರಡು ವರ್ಷ, ದೊಡ್ಡ ಕಣ್ಣು, ಬೆವರಿದರೂ ಕೆಡದ ಕೂದಲು. ಅವಳ ರಾಕೆಟ್ಟುಗಳ ದಾರದ ಮೇಲೆ ಪ್ರಾಯೋಜಕ ಕಂಪನಿಯ ಗುರುತನ್ನು ಕೆಂಪು ಶಾಯಿಯಲ್ಲಿ ಬಳಿಯಬೇಕಿತ್ತು. ಅವನು ಬಳಿಯುತ್ತಿದ್ದ. ಹತ್ತೂ ಬೆರಳು ಕೆಂಪಗಾಗಿದ್ದವು.

ಎಡಚಿಯ ರಾಕೆಟ್ಟಿಗೆ ಯಾವ ಕಂಪನಿಯ ಗುರುತೂ ಇರಲಿಲ್ಲ. ಅವಳದನ್ನು ಕಟ್ಟಿದ ಮೇಲೆ ಅವನ ಕೈ ಎಂದೂ ಕೆಂಪಾದದ್ದಿಲ್ಲ. ಆ ಬೆರಳುಗಳನ್ನು ನೋಡಿ ಅವಳ ಹೊಟ್ಟೆಯಲ್ಲಿ ಒಲೆ ಹೊತ್ತಿಕೊಂಡಿತು.

"ಬನ್ನಿ ಅಕ್ಕ!" ಗೊಂಬೆ ಮೇಜಿನಿಂದ ಹಾರಿ ಇಳಿದಳು. "ಎಷ್ಟು ಚೆನ್ನಾಗಿ ಆಡಿದ್ರಿ ಇವತ್ತು. ಟಿವಿಲಿ ನೋಡ್ತಾ ನಂಗೇ ಭಯ ಆಯ್ತು. ಮತ್ತೆ... ಇವರನ್ನ ನಾನು ಕರ್ಕೊಂಡು ಹೋಗ್ತೀನಿ ಅಂತಿದ್ದೀನಿ ಅಕ್ಕ. ನನ್ನ ತಂಡದ ಜೊತೆ, ವರ್ಷಪೂರ್ತಿ. ಏನು ಕೈ ಇವರದು, ಅಲ್ವಾ?"

ಇವಳು ಕೆಟ್ಟವಳಾಗಿದ್ದರೆ ಎಷ್ಟು ಅನುಕೂಲವಿತ್ತು! ಬೈದುಕೊಂಡಾದರೂ ಸಮಾಧಾನ ಪಡಬಹುದಿತ್ತು. ಹಾಳು ಹುಡುಗಿ ಒಳ್ಳೆಯವಳೂ ಆಗಿದ್ದಳು.

ಗೊಂಬೆ ಹೋದ ಕೂಡಲೇ ಎಡಚಿ ಅವನ ಮುಂದೆ ಬಂದು ನಿಂತಳು.

"ನನ್ನ ರಾಕೆಟ್ ಯಾಕೆ ಬಿಟ್ರಿ? ಯಜಮಾನ್ರು ಬದಲಾಯಿಸಿದ್ರಾ?"

"ಇಲ್ಲ." ಅವನು ಕೆಂಪು ಕೈಗಳನ್ನು ನೋಡಿಕೊಂಡ. "ನಾನೇ ಬಿಡ್ತೀನಿ ಅಂದೆ."

"ಯಾಕೆ?"

"ಟೂರ್ನಿ ಮುಗಿದ ಮೇಲೆ ಹೇಳ್ತೀನಿ. ಈಗ ಹೇಳಲ್ಲ ಅಂತ ಯಜಮಾನ್ರಿಗೆ ಮಾತು ಕೊಟ್ಟಿದ್ದೀನಿ."

"ಹೇಳೋದೇನಿದೆ, ಕಾಣ್ತಿದೆಯಲ್ಲ." ಅವಳು ಬಾಗಿಲ ಕಡೆ ತಿರುಗಿದಳು. "ನಂಬರ್ ಒನ್ ಸಿಕ್ಕಿದ ಮೇಲೆ ಎಡಚಿ ಯಾಕೆ ಬೇಕು?"

"ಹಾಗಲ್ಲ..."

ಹೇಗೆ ಎಂದು ಕೇಳಲು ಅವಳು ಅಲ್ಲಿರಲಿಲ್ಲ.

ಆಟಗಾರ್ತಿಯರ ಊಟದ ಹಾಲಿನಲ್ಲಿ ಅಕ್ಕ ತಟ್ಟೆ ತುಂಬಿಸಿಕೊಂಡು ಬಂದರೆ, ಎಡಚಿ ಕಿಟಕಿಯಿಂದ ಕೆಳಗೆ ನೋಡುತ್ತಿದ್ದಳು. ಕೆಳಗಿನ ದಾರಿಯಲ್ಲಿ ಅವನು ಗೊಂಬೆಯ ಆರು ರಾಕೆಟ್ಟುಗಳನ್ನು ಎದೆಗೊತ್ತಿ ಹಿಡಿದುಕೊಂಡು ಹೋಗುತ್ತಿದ್ದ. ಎದೆಗೊತ್ತಿ! ಅವಳ ರಾಕೆಟ್ಟುಗಳನ್ನು ಹಾಗೆ ಹಿಡಿದಿದ್ದನೇ? ಕಂಕುಳಲ್ಲಿ ಹಿಡಿದಿದ್ದ, ಛತ್ರಿ ಹಿಡಿದ ಹಾಗೆ.

"ಅವಳು ನಕ್ಕರೆ ಮೂವತ್ತೆರಡೂ ಹಲ್ಲು ಕಾಣತ್ತೆ. ಅದೇನು ಅಷ್ಟೊಂದು ನಗೋದು?"

"ಯಾರು?"

"ಯಾರೋ."

"ಮೊನ್ನೆ ಅದೇ ಹುಡುಗಿ ನಗು ಮುದ್ದಾಗಿದೆ ಅಂದಿದ್ದೆ. ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ."

"ನಂಗೇನು ಹೊಟ್ಟೆಕಿಚ್ಚಿಲ್ಲ."

"ಹೊಟ್ಟೆಕಿಚ್ಚು ಅಂತ ನಾನಂದ್ನಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ." ಅಕ್ಕ ಅವಳ ಐಸ್ ಚೀಲವನ್ನು ಸರಿಪಡಿಸಿದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು: "ಅಷ್ಟೊಂದು ಇಷ್ಟಾನಾ ಪುಟ್ಟಿ?"

ಎಡಚಿಯ ಕಣ್ಣು ತುಂಬಿತು.

"ಅವನು ಹೊರಟುಹೋಗ್ತಾನೆ ಅಕ್ಕ. ನಾಳೆ ಮುಗಿದ ಮೇಲೆ ಅವಳ ಜೊತೆ. ಇನ್ನು ಪ್ರತಿ ಊರಲ್ಲೂ ಅವಳ ಹಿಂದೆ ನಿಂತಿರ್ತಾನೆ, ನಾನು ನೋಡ್ಬೇಕು."

ಫೈನಲ್ ದಿನ ಗ್ಯಾಲರಿ ತುಂಬಿ ತುಳುಕುತ್ತಿತ್ತು. ಎಡಚಿಯ ಕಣ್ಣಿಗೆ ಬೇರೇನೂ ಬೀಳಲಿಲ್ಲ. ಗೊಂಬೆಯ ರಾಕೆಟ್ ಹಿಡಿಕೆಯ ಮೇಲಿನ ಬಿಳಿ ಪಟ್ಟಿಯಲ್ಲಿ ದುಂಡನೆಯ ನೀಲಿ ಅಕ್ಷರ, ಅಷ್ಟೇ ಕಂಡದ್ದು. ಚೆಂಡನ್ನು ನೋಡಬೇಕಾದವಳು ಪಟ್ಟಿಯನ್ನು ನೋಡುತ್ತ ನಿಂತರೆ ಏನಾಗಬೇಕೋ ಅದೇ ಆಯಿತು. ಕೋಪದಲ್ಲಿ ಹೊಡೆದ ಚೆಂಡುಗಳೆಲ್ಲ ಗೆರೆಯಾಚೆ ಬಿದ್ದವು. ಸರ್ವ್ ಮಾಡಲು ಕೈ ಎತ್ತಿದಾಗೆಲ್ಲ ಭುಜ ಕಿತ್ತು ಬರುವಂತಾಯಿತು. ಮೊದಲ ಸೆಟ್ ಮೂರು–ಆರರಲ್ಲಿ ಹೋಯಿತು. ಸೆಟ್ಟಿನ ಕೊನೆಯ ಹೊಡೆತಕ್ಕೆ ಗೊಂಬೆಯ ದಾರ ಪಟ್ಟೆಂದು ಹರಿಯಿತು. ಸಹಾಯಕಿಯೊಬ್ಬಳು ಆ ರಾಕೆಟ್ ಹಿಡಿದುಕೊಂಡು ಕೆಳಗೆ ಓಡಿದಳು.

*ಓಡು, ಓಡು. ಅವನು ಕಾಯ್ತಿರ್ತಾನೆ.*

ಈಗೀಗ ಆಟದ ಮಧ್ಯೆ ಗ್ಯಾಲರಿಯಿಂದ ನಾಲ್ಕು ಮಾತು ಹೇಳಲು ಅವಕಾಶವಿದೆ. ತಂಗಿ ಭುಜ ಹಿಡಿದುಕೊಳ್ಳುವುದನ್ನು ನೋಡಲಾಗದೆ ಸೆಟ್ಟಿನ ನಡುವೆ ಎಲ್ಲಿಗೋ ಎದ್ದುಹೋಗಿದ್ದ ಅಕ್ಕ, ಈಗ ಏದುಸಿರು ಬಿಡುತ್ತ ಮೂಲೆಯ ಕಂಬಿಯ ಹತ್ತಿರ ಬಂದಳು.

"ಇಲ್ಲಿ ಬಾ. ಯಜಮಾನ್ರ ಹತ್ರ ಜಗಳ ಆಡಿ ಬಂದೆ. ಸೆಮಿಫೈನಲ್ಲಿಗೆ ಮುಂಚಿನ ಮೂರು ಪಂದ್ಯ ನೋವಿರಲಿಲ್ಲ, ಈಗ ಮಾತ್ರ ಯಾಕೆ ಅಂತ ಕೇಳಿದೆ. ಬಾಯಿ ಬಿಟ್ರು."

"ಏನಂತೆ?"

"ಆ ಮೂರು ಪಂದ್ಯಕ್ಕೂ ಅವನು ಇಪ್ಪತ್ತಮೂರು ಕಟ್ಟಿದ್ನಂತೆ. ಪಟ್ಟಿ ಮೇಲೆ ಇಪ್ಪತ್ತನಾಲ್ಕು ಬರೆದು. ನಿನ್ನ ಭುಜಕ್ಕೋಸ್ಕರ. ಕಣ್ಣು ಮುಚ್ಚಿ ನಂಬ್ತೀನಿ ಅಂದ್ಯಂತಲ್ಲ ನೀನು, ಅವತ್ತೇ ಹೋಗಿ ಯಜಮಾನ್ರಿಗೆ ತಪ್ಪೊಪ್ಪಿಕೊಂಡಿದ್ದಾನೆ. ಇನ್ನು ಅವಳದ್ದು ನಾನು ಮುಟ್ಟಲ್ಲ, ನೀವೇ ಕಟ್ಟಿ ಅಂದ್ನಂತೆ. ಅದಕ್ಕೆ ಅವರು ಗೊಂಬೇದು ಅವನಿಗೆ ಕೊಟ್ಟು, ನಿನ್ನದು ತಾವು ತಗೊಂಡ್ರು. ನಿನ್ನ ಆಟ ಕೆಡತ್ತೆ ಅಂತ ಬಾಯಿ ಮುಚ್ಚಿಸಿದ್ರಂತೆ."

ಅವನು ಗೊಂಬೆಗಾಗಿ ಬಿಡಲಿಲ್ಲ ಎಂದು ಎಡಚಿಯ ಮನಸ್ಸು ಕುಣಿಯುತ್ತಿತ್ತು. ಅದರ ಬೆನ್ನಿಗೇ ಹೊಸ ಉರಿ ಎದ್ದಿತು. *ಬೇಡ ಅಂದಿದ್ದೆ ತಾನೆ? ಆ ಮೂರು ಪಂದ್ಯ ಗೆದ್ದಿದ್ದು ನಾನಾ, ಅವನಾ?* ಇಷ್ಟವಾದವನ ಮೇಲೆ ಬರುವ ಸಿಟ್ಟಿಗೆ ರುಚಿಯೇ ಬೇರೆ. ಹೊರಗೆ ಉಗಿಯಲೂ ಆಗದು, ಒಳಗೆ ನುಂಗಲೂ ಆಗದು.

ಅಂಪೈರ್ ಸಮಯ ಮುಗಿಯಿತೆಂದು ಕರೆದರು. ಅವಳು ಅಕ್ಕನ ಕೈಯಿಂದ ಪೆನ್ನು ಕಿತ್ತುಕೊಂಡು ಚೀಟಿಯ ಮೇಲೆ ಬರೆದಳು: *ಇಪ್ಪತ್ತಮೂರು ಕಿಲೋ. ಮೊದಲು ಕಟ್ಟುತ್ತಿದ್ದವರೇ ಕಟ್ಟಬೇಕು.* ಹತ್ತು ವರ್ಷದಲ್ಲಿ ಮೊದಲ ಸಲ ಅವಳು ಆ ಸಂಖ್ಯೆ ಬರೆದದ್ದು. ಕೆಳಗೆ ಗೆರೆ ಎಳೆಯಲಿಲ್ಲ. ಚೀಟಿಯ ಜೊತೆ ಒಂದು ರಾಕೆಟ್ಟನ್ನೂ ಕಂಬಿಯಾಚೆ ಚಾಚಿದಳು.

"ಕೊಟ್ಟು ಬಾ ಅಕ್ಕ."

ಗಟ್ಟಿಂಗಿಗೆ ಹೆಚ್ಚೆಂದರೆ ಇಪ್ಪತ್ತು ನಿಮಿಷ. ಎರಡನೆಯ ಸೆಟ್ ಎರಡು–ಎರಡು ಆಯಿತು, ರಾಕೆಟ್ ಬರಲಿಲ್ಲ. ಅಷ್ಟರಲ್ಲಿ ಸಹಾಯಕಿ ಮೆಟ್ಟಿಲು ಹತ್ತಿ ಬಂದಳು; ಅವಳ ಕೈಯಲ್ಲಿದ್ದದ್ದು ಕೆಂಪು ಗುರುತಿನ ರಾಕೆಟ್. ಗೊಂಬೆಯದು!

ಮತ್ತೆ ಗೊಂಬೆಯದೇ ಮೊದಲು. ಎಡಚಿಯ ಕಣ್ಣಿಗೆ ಖಾರ ಹಾಕಿದಂತಾಯಿತು. *ಇಷ್ಟಾದ ಮೇಲೂ...* ಎರಡು–ಮೂರು. ಎರಡು–ನಾಲ್ಕು. ನೋವಿಗೆ ಹಲ್ಲು ಕಚ್ಚಿಕೊಂಡು ಆಡಿದಳು. ಎರಡು–ಐದಾದಾಗ ಅವಳ ರಾಕೆಟ್ ಬಂತು. ಪಟ್ಟಿಯ ಮೇಲೆ ದುಂಡನೆಯ ನೀಲಿ ಅಕ್ಷರಗಳಲ್ಲಿ ಇಪ್ಪತ್ತಮೂರು.

ಆಮೇಲಿನ ಮುಕ್ಕಾಲು ಗಂಟೆಯನ್ನು ಅಂದು ನೋಡಿದವರು ಇಂದಿಗೂ ಮರೆತಿಲ್ಲ. ಮೂರು, ನಾಲ್ಕು, ಐದು. ಐದು–ಐದು! ಗೊಂಬೆಯ ನಗು ಮಾಯವಾಯಿತು. ಗ್ಯಾಲರಿ ಎದ್ದು ನಿಂತಿತು. ಆದರೆ ಹೋದ ಶಕ್ತಿ ಹೋಗಿತ್ತು. ಗೊಂಬೆ ಏಳು–ಐದಕ್ಕೆ ಗೆದ್ದಳು, ನೆಟ್ಟಿನ ಹತ್ತಿರ ಬಂದು ಎಡಚಿಯನ್ನು ಗಟ್ಟಿಯಾಗಿ ತಬ್ಬಿಕೊಂಡು ಅತ್ತಳು.

ಬಹುಮಾನ ವಿತರಣೆಯಲ್ಲಿ ಸೋತವಳು ಮೊದಲು ಮಾತಾಡಬೇಕು. ಎಡಚಿ ಎರಡು ಮಾತಾಡಿ ತನ್ನ ಬೆಳ್ಳಿ ತಟ್ಟೆ ಹಿಡಿದುಕೊಂಡು ಪಕ್ಕಕ್ಕೆ ನಿಂತಳು. ಗೊಂಬೆ ಮೈಕು ಹಿಡಿದು ಅಪ್ಪ, ಅಮ್ಮ, ತರಬೇತುದಾರರು ಎಲ್ಲರನ್ನೂ ನೆನೆದು, ಕೊನೆಗೆ ಹೇಳಿದಳು:

"ಕೆಳಗಡೆ ಗಟ್ಟಿಂಗ್ ಕೋಣೆಯಲ್ಲಿ ಒಬ್ಬರಿದ್ದಾರೆ. ಅವರ ಕೈಗೆ ನನ್ನ ದೊಡ್ಡ ನಮಸ್ಕಾರ."

ಜನ ಚಪ್ಪಾಳೆ ತಟ್ಟಿದರು. ಎಡಚಿಯೂ ತಟ್ಟಬೇಕಾಯಿತು. ಸೋಲಿಗೆ ಬಾರದ ಕಣ್ಣೀರು ಆಗ ಬಂತು. ಕ್ಯಾಮೆರಾದವರು ಅದನ್ನು ಸೋಲಿನ ಕಣ್ಣೀರೆಂದೇ ತೋರಿಸಿದರು.

ಕೆಳಗಿನ ಕೋಣೆಯಲ್ಲಿ ಯಂತ್ರಗಳನ್ನು ಬಿಚ್ಚಿ ಪೆಟ್ಟಿಗೆಗೆ ತುಂಬುತ್ತಿದ್ದರು. ಅವಳು ಬಂದದ್ದು ನೋಡಿ ಯಜಮಾನರು ಕೆಮ್ಮಿ, ಉಳಿದಿಬ್ಬರನ್ನು ಕಾಫಿಗೆಂದು ಎಬ್ಬಿಸಿಕೊಂಡು ಹೊರಗೆ ಹೋದರು. ಒಳಗೆ ಅವನೊಬ್ಬನೇ ಉಳಿದ.

"ಮೈಕಲ್ಲಿ ಹೊಗಳಿದ್ಲು ನಿಮ್ಮನ್ನ."

"ಕೇಳಿಸ್ತು."

"ಖುಷಿ ಆಯ್ತಾ?"

"ಸ್ವಲ್ಪ."

"ಸ್ವಲ್ಪ ಅಂದ್ರೆ ಎಷ್ಟು?"

ಅವನಿಗೆ ನಗು ಬಂತು. ಅವಳು ನಗಲಿಲ್ಲ. ತಟ್ಟೆಯನ್ನು ಮೇಜಿನ ಮೇಲೆ ಠಣ್ ಎಂದು ಇಟ್ಟಳು.

"ಆ ಮೂರು ಪಂದ್ಯ ಗೆದ್ದಿದ್ದು ಯಾರು, ನಾನಾ ನೀವಾ?"

"ನೀವೇ. ಸಡಿಲ ಮಾಡಿದ್ರೆ ನೋವು ಕಮ್ಮಿ ಆಗತ್ತೆ ಅಷ್ಟೆ. ಚೆಂಡಿನ ಹಿಂದೆ ಓಡಿದ್ದು ನೀವು."

"ನನಗೆ ಹೇಳದೆ ಯಾಕೆ ಮಾಡಿದ್ರಿ?"

"ಹೇಳಿದ್ದೆ. ಬೇಡ ಅಂದ್ರಿ. ಅಲ್ಲಿಗೆ ಬಿಡಬೇಕಿತ್ತು ನಾನು." ಅವನು ತಲೆ ತಗ್ಗಿಸಿದ. "ನೀವು ನೋವು ನುಂಗ್ಕೊಂಡು ಆಡೋದು ನೋಡೋಕಾಗಲಿಲ್ಲ. ಹದಿನಾಲ್ಕು ವರ್ಷ ಆಯ್ತು ಈ ಕೆಲಸಕ್ಕೆ ಬಂದು. ಯಾರಿಗೂ ಹಾಗೆ ಮಾಡಿರಲಿಲ್ಲ. ತಪ್ಪೇ ಅದು."

ಅವಳು ಕೇಳಬೇಕಾದದ್ದು ಇನ್ನೂ ಇತ್ತು.

"ಇವತ್ತು ನನ್ನ ಚೀಟಿ ಬಂದಾಗ?"

"ಯಂತ್ರದ ಮೇಲೆ ಗೊಂಬೆಯವರ ರಾಕೆಟ್ ಇತ್ತು. ಮೂರು ನಿಮಿಷ ಮೊದಲು ಬಂದಿತ್ತು. ನಿಮ್ಮದು ನಾನು ಕಟ್ತೀನಿ ಅಂದ್ರು ಯಜಮಾನ್ರು. ನಾನೇ ಕಟ್ಟಬೇಕು ಅಂತ ನೀವು ಬರೆದಿದ್ರಿ. ಅದಕ್ಕೆ ಗೊಂಬೆಯವರದು ಮುಗಿಸಿ ನಿಮ್ಮದು ತಗೊಂಡೆ."

"ನನ್ನದು ಮೊದಲು ಕಟ್ಟಿದ್ರೆ ನಾನು ಗೆಲ್ತಿದ್ದೆ."

"ಗೆಲ್ತಿದ್ರಿ. ಆ ಟಿವಿಲಿ ನೋಡ್ತಾನೇ ಇದ್ದೆ. ಎರಡು–ನಾಲ್ಕು ಆದಾಗ ದಾರ ಎರಡು ಸಲ ಕೈಜಾರಿತು."

"ಮತ್ಯಾಕೆ ಕಟ್ಟಲಿಲ್ಲ?"

ಅವನು ಮೊದಲ ಬಾರಿಗೆ ಅವಳ ಕಣ್ಣನ್ನು ನೇರವಾಗಿ ನೋಡಿದ.

"ಕಟ್ಟಿದ್ರೆ ಕಪ್ ನಿಮ್ಮದಾಗ್ತಿತ್ತು. ಆದ್ರೆ ಗೊತ್ತಾದ ದಿನ ನೀವು ನನ್ನ ಮುಖ ನೋಡ್ತಿರಲಿಲ್ಲ."

ಎಡಚಿ ಹತ್ತು ವರ್ಷ ಕನಸು ಕಂಡ ಕಪ್ ಮೂರು ನಿಮಿಷದಲ್ಲಿ ಕೈತಪ್ಪಿತ್ತು. ತಪ್ಪಿಸಿದವನು ಎದುರಿಗೇ ನಿಂತಿದ್ದ. ಆದರೂ ಅವಳಿಗೆ ಒಳಗೆಲ್ಲೋ ತಂಪಾಯಿತು. ಅವನು ಮೋಸ ಮಾಡಿದ್ದೂ ತನಗಾಗಿಯೇ, ಇವತ್ತು ಮಾಡದೆ ಇದ್ದದ್ದೂ ತನಗಾಗಿಯೇ. ಇಂಥವನನ್ನು ನಂಬದೆ ಇನ್ಯಾರನ್ನು ನಂಬಬೇಕು?

"ಇನ್ಮೇಲೆ ನನಗೆ ಹೇಳದೆ ನನಗೆ ಒಳ್ಳೇದು ಮಾಡಬೇಡಿ."

"ಮಾಡಲ್ಲ."

"ಗೊಂಬೆ ಕರೆದಿದ್ಲಲ್ಲ, ವರ್ಷಪೂರ್ತಿ ಬನ್ನಿ ಅಂತ. ಏನು ಹೇಳಿದ್ರಿ?"

"ಇನ್ನೂ ಏನೂ ಹೇಳಿಲ್ಲ. ಸಂಜೆಯೊಳಗೆ ಹೇಳಬೇಕು." ಅವನು ಪೆಟ್ಟಿಗೆಯ ಮುಚ್ಚಳ ಹಾಕಿದ. "ನಿಮ್ಮನ್ನ ಕೇಳಿ ಹೇಳೋಣ ಅಂತ."

"ಹೋಗಬೇಡಿ."

ಬಾಯಿಂದ ಬಿದ್ದೇಹೋಯಿತು. ಯಾರ ಹತ್ತಿರವೂ ಏನನ್ನೂ ಬೇಡದ ಹುಡುಗಿ ಅವಳು. ಕಿವಿ ಕೆಂಪಗಾದವು.

"ಯಾಕೆ ಅಂತ ಕೇಳಬಹುದಾ?"

"ಹೊಟ್ಟೆಕಿಚ್ಚು. ಸಾಕಾ? ನಿಮ್ಮ ಬೆರಳಿಗೆ ಅವಳ ಶಾಯಿ ಹತ್ತಿದ್ದೂ ಸಹಿಸೋಕಾಗಲಿಲ್ಲ ನಂಗೆ. ಕಪ್ ಎಷ್ಟು ಬೇಕಾದ್ರೂ ತಗೊಂಡು ಹೋಗಲಿ ಅವಳು. ನಿಮ್ಮನ್ನ ಮಾತ್ರ ಬಿಟ್ಟುಕೊಡಲ್ಲ."

ಅವನು ಹತ್ತಿರ ಬಂದು, ಐಸ್ ಚೀಲವಿಲ್ಲದ ಆ ಎಡಭುಜದ ಮೇಲೆ ತುಂಬ ಹಗುರವಾಗಿ ಕೈ ಇಟ್ಟ.

"ನೋಯತ್ತಾ?"

"ಹೂಂ" ಎಂದಳು ಅವಳು. ಅಕ್ಕನನ್ನು ಬಿಟ್ಟರೆ ಇದನ್ನು ಒಪ್ಪಿಕೊಂಡದ್ದು ಇವನೊಬ್ಬನ ಮುಂದೆ. "ತುಂಬಾ ನೋಯತ್ತೆ. ಕೈ ತೆಗೀಬೇಡಿ."